ಎಡಕ್ಕೆ ತಿರುಗಿದಾಗ ಬರುವ ಸದ್ದು

ನಿನ್ನ ಮೇಲಾಣೆ ಕಣೋ, ಇನ್ನು ಮೇಲೆ ನನ್ನ ತಪ್ಪಿಗೆ ನಿನ್ನ ಕೈ ಮುಂದೆ ಬರೋಕೆ ಬಿಡಲ್ಲ — ಹತ್ತು ವರ್ಷದವಳು ಆರು ವರ್ಷದವನಿಗೆ ಕೊಟ್ಟ ಮಾತು, ಮೂವತ್ತು ವರ್ಷ ಯಾವ ಮೂಲೆಯಲ್ಲಿ ಬಿದ್ದಿತ್ತೋ ಏನೋ, ಈಗ ಕಾರಿನ ಡಿಕ್ಕಿಯ ಬಾಗಿಲು ಮುಖದ ಮೇಲೆ ಇಳಿದು ಬರುತ್ತಿರುವಾಗ, ಆಕಾಶ ಒಂದು ಅಂಗೈ ಅಗಲವಾಗಿ, ಆಮೇಲೆ ಒಂದು ಬೆರಳಗಲವಾಗಿ, ಆಮೇಲೆ ಬರೀ ಒಂದು ಬಿಳೀ ದಾರವಾಗಿ ಟಪ್ಪೆಂದು ಆರಿಹೋಗುವಷ್ಟರಲ್ಲಿ, ಯಾರೂ ಕರೆಯದೆ ತಾನಾಗಿ ಎದ್ದು ಬಂದು ಅವಳ ಪಕ್ಕದಲ್ಲೇ ಮೈ ಮುದುಡಿಕೊಂಡು ಮಲಗಿತು. ಉಸಿರು ಕಟ್ಟಿದ್ರೆ ಕೂಗಕ್ಕ, ಹಿಂದಿನ ಸೀಟಿನ ಮಧ್ಯದ ಮೆತ್ತೆ ಬಿಚ್ಚಿ ತೂತು ಬಿಟ್ಟಿದ್ದೀನಿ, ಗಾಳಿ ಬರುತ್ತೆ, ನಮ್ಮ ಮಾತೂ ಕೇಳ್ಸುತ್ತೆ — ತಮ್ಮನ ದನಿ ತಗಡಿನ ಆಚೆಯಿಂದ, ಡಬ್ಬಿಯೊಳಗಿನಿಂದ ಮಾತಾಡಿದ ಹಾಗೆ, ಅಲ್ಲ, ಡಬ್ಬಿಯೊಳಗೆ ಇರುವುದು ತಾನಲ್ಲವೇ. ಬೆನ್ನ ಕೆಳಗೆ ಸ್ಟೆಪ್ನಿಯ ಉಬ್ಬು, ಮೊಣಕಾಲು ಎದೆಗೆ, ಮೂಗಿಗೆ ರಬ್ಬರಿನ ವಾಸನೆ, ಹಳೇ ಪೆಟ್ರೋಲಿನ ವಾಸನೆ, ಮಗಳು ಯಾವಾಗಲೋ ಚೆಲ್ಲಿದ ಹಾಲಿನ ಹುಳಿ. ಸದ್ದು ಬಂದ ಕಡೆ ಕೈ ಇಡು, ಕೈ ಇಟ್ಟಾಗ ನಿಂತು, ತೆಗೆದಾಗ ಮತ್ತೆ ಬಂದ್ರೆ ಅದೇ ಕಳ್ಳ, ಸಿಕ್ಕಿದ ಕೂಡ್ಲೆ ಮೇಲಿನ ತಗಡನ್ನ ಎರಡು ಸಲ ತಟ್ಟು, ನಿಲ್ಲಿಸ್ತೀನಿ, ಇಷ್ಟೇ ಕೆಲಸ. ಅವನಿಗೆ ಎಲ್ಲವೂ ಇಷ್ಟೇ ಕೆಲಸ, ಇಂಜಿನ್ ಇಳಿಸುವುದೂ ಇಷ್ಟೇ ಕೆಲಸ, ಮೂರು ತಿಂಗಳಿಂದ ಈ ಸದ್ದಿನ ಬೆನ್ನು ಹತ್ತಿ ಬೆನ್ನು ಸವೆಸಿಕೊಂಡದ್ದೂ ಇಷ್ಟೇ ಕೆಲಸ. ಊರಿಗೆಲ್ಲ ಬೋಲ್ಟು, ಚಿಕ್ಕಂದಿನಲ್ಲಿ ಚಡ್ಡಿಯ ಜೇಬಿನಲ್ಲಿ ಸದಾ ಒಂದು ಬೋಲ್ಟು ಇಟ್ಟುಕೊಂಡು ತಿರುಗುತ್ತಿದ್ದವನು, ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ, ಗ್ಯಾರೇಜಿನ ಬೋರ್ಡಿನ ಮೇಲೂ ಅದೇ. ಡಿಕ್ಕಿಯಲ್ಲಿ ಯಾರಾದ್ರೂ ಮಲಗ್ಬೇಕು ಎಂದು ಅವನು ಅಂದಾಗ ಮೂವರೂ ಮುಖ ಮುಖ ನೋಡಿಕೊಂಡರು, ಅವನನ್ನು ತುರುಕಿದರೆ ಬಾಗಿಲು ಮುಚ್ಚುವುದಿಲ್ಲ, ಗಂಡನಿಗೆ ಸೊಂಟ ಹಿಡಿದು ನಾಲ್ಕು ದಿನ, ನಾನೇ ಮಲಗ್ತೀನಿ ಬಿಡಿ ಎಂದು ಅವಳು ಅಂದದ್ದು ಸ್ವಲ್ಪ ಬೇಗ ಬಂತು, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಮಕ್ಕಳ ಹಾಗೆ. ಇಷ್ಟು ವರ್ಷ ನನ್ನನ್ನ ಮೂಟೆ ಕಟ್ಟಿದ್ಲು, ಇವತ್ತು ತಾನೇ ಮೂಟೆಯಾದ್ಲು ನೋಡಪ್ಪಾ ಎಂದು ಗಂಡ ನಕ್ಕ, ಅವಳೂ ನಕ್ಕಳು, ತಮ್ಮ ನಗಲಿಲ್ಲ, ತನ್ನ ಅಂಗಿ ಬಿಚ್ಚಿ ಮಡಚಿ ಅವಳ ತಲೆಯ ಕೆಳಗಿಟ್ಟ, ಹೊರಮೈಗಷ್ಟೇ ಗ್ರೀಸು ಇದೆ, ಒಳಮೈ ಚೊಕ್ಕವಾಗಿದೆ ಅಕ್ಕ.

ಇಂಜಿನ್ ಶುರುವಾಯಿತು, ಅವಳ ಬೆನ್ನೊಳಗೇ ಶುರುವಾದ ಹಾಗೆ. ಭಾನುವಾರ ಬೆಳಿಗ್ಗೆ, ಗೋದಾಮುಗಳ ಬೀದಿ, ಎಲ್ಲ ಶಟರ್ ಇಳಿದಿವೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ ಭಾವ, ಎರಡು ಹಂಪ್ ಇವೆ, ನಾಲ್ಕು ತಿರುವು ಇವೆ. ನೇರ ಹೋಗುವಾಗ ಸದ್ದಿಲ್ಲ, ಅದು ಗೊತ್ತಿದ್ದದ್ದೇ, ಬಲಕ್ಕೆ ತಿರುಗಿದರೂ ಇಲ್ಲ, ಎಡಕ್ಕೆ ತಿರುಗುವಾಗ ಚಕ್ರ ಎಲ್ಲಾದರೂ ಎತ್ತಿ ಕುಕ್ಕಿದರೆ ಮಾತ್ರ — ಟಕ್. ಆಮೇಲೆ ಎರಡು ಸಣ್ಣವು, ಟಕ್ ಟಕ್, ಬಾಗಿಲ ಹೊರಗೆ ಯಾರೋ ಬಂದು ನಿಂತು, ಒಳಗಿರುವವರು ತೆಗೆಯುವುದಿಲ್ಲ ಎಂದು ಗೊತ್ತಿದ್ದೂ ತಟ್ಟಿದ ಹಾಗೆ. ಮಗಳು ಅದಕ್ಕೆ ಟಕ್ಕಪ್ಪ ಎಂದು ಹೆಸರಿಟ್ಟಿದ್ದಾಳೆ, ಸ್ಕೂಲಿನ ತಿರುವಿನಲ್ಲಿ ಅದು ಮಾತಾಡಿದರೆ ಗುಡ್ ಮಾರ್ನಿಂಗ್ ಟಕ್ಕಪ್ಪ, ಮಾತಾಡದಿದ್ದರೆ ಅಮ್ಮಾ ಟಕ್ಕಪ್ಪಂಗೆ ಹುಷಾರಿಲ್ವಾ. ಪೆಟ್ರೋಲ್ ಬಂಕಿನವನು ಬೇರಿಂಗ್ ಹೋಗಿದೆ ಮೇಡಂ ಅಂದ, ಲ್ಯಾಬಿನ ಡ್ರೈವರು ಸ್ಪ್ರಿಂಗ್ ಮುರಿದಿದೆ ಅಂದ, ಪಕ್ಕದ ಮನೆಯವರು ಗಾಡಿ ಮಾರಿಬಿಡಿ ಅಂದರು, ಬಾಯಿಗೊಂದು ರೋಗ. ತಮ್ಮ ಮಾತ್ರ ಯಾವ ರೋಗವನ್ನೂ ಹೇಳದೆ ಒಂದೊಂದೇ ಬಿಚ್ಚುತ್ತಾ ಬಂದ, ಶಾಕ್ ಅಬ್ಸಾರ್ಬರ್ ಬದಲಾಯಿಸಿದ, ಬುಷ್ ಬದಲಾಯಿಸಿದ, ಸೈಲೆನ್ಸರ್ ನೇತುಹಾಕುವ ರಬ್ಬರು ಬದಲಾಯಿಸಿದ, ಭಾನುವಾರ ಬಂದರೆ ಅವಳ ಮನೆಯ ಮುಂದೆ ಕಾರಿನ ಕೆಳಗಿಂದ ಹೊರಚಾಚಿದ ಎರಡು ಕಾಲು, ಅದೇ ತಮ್ಮ. ನಿಂತ ಗಾಡಿ ಸದ್ದು ಮಾಡಲ್ಲ, ಓಡೋ ಗಾಡಿ ಕೆಳಗೆ ನಾನು ಮಲಗೋಕಾಗಲ್ಲ, ಅದೇ ಬಂದಿರೋದು ತೊಂದ್ರೆ ಅಕ್ಕ ಎಂದು ನಗುತ್ತಿದ್ದ, ನಗುವಾಗ ಅವಳ ಮುಖ ನೋಡುತ್ತಿರಲಿಲ್ಲ, ನಾಚಿಕೆ ಅವನಿಗೆ, ತಾನು ಮುಟ್ಟಿದ ಗಾಡಿ, ಅದೂ ಅಕ್ಕನ ಗಾಡಿ, ದಾರಿಯಲ್ಲಿ ಕೈಕೊಟ್ಟಿತು ಎಂಬ ನಾಚಿಕೆ — ಅವನು ನಾಚಿಕೊಳ್ಳುವುದನ್ನು ನೋಡಲಾಗದೆ ಅವಳು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಎಡಕ್ಕೆ ತಿರುಗಿಸ್ತಾ ಇದ್ದೀನಿ ಅಕ್ಕ, ಕಿವಿ ಕೊಡು. ಟಕ್. ಎಲ್ಲೋ ಕಾಲಿನ ಕಡೆ, ಅಲ್ಲ, ಪಕ್ಕಕ್ಕೆ, ಕತ್ತಲಲ್ಲಿ ಸದ್ದಿಗೆ ದಿಕ್ಕೇ ಇಲ್ಲ, ತಲೆಯೊಳಗೇ ಬಡಿದ ಹಾಗಿದೆ. ಏನಾದ್ರೂ ಗೊತ್ತಾಯ್ತಾ ಎಂದು ಗಂಡ ಕೂಗಿದ, ಇಲ್ಲ ಇನ್ನೊಂದು ಸುತ್ತು ಎಂದು ಅವಳು ಕೂಗಿದಳು.

ಆ ತೂತಿನಿಂದ ಗಾಳಿ ಬರುತ್ತಿದೆಯೋ ಇಲ್ಲವೋ, ಮಾತು ಬರುತ್ತಿದೆ. ನೋಡಪ್ಪಾ, ನನಗೂ ಇದೇನು ಖುಷಿ ಅಲ್ಲ — ಗಂಡ, ದನಿ ತಗ್ಗಿಸಿ, ಹಿಂದೆ ಮಲಗಿದವಳಿಗೆ ಕೇಳಿಸದಿರಲಿ ಎಂದು, ಆದರೆ ಅವಳ ತಲೆ ಇರುವುದೇ ತೂತಿನ ಬಾಯಿಗೆ — ನಾಳೆ ನಾನು ಬರೆದುಕೊಡ್ಬೇಕು, ಆರು ವ್ಯಾನಿನ ರಿಪೇರಿ ಯಾರ ಕೈಗೆ ಅಂತ, ವರ್ಷಕ್ಕೆ. ಬಿಸ್ಕತ್ತು ಕಾರ್ಖಾನೆಯ ವ್ಯಾನುಗಳು, ಪಾಳಿಯ ಹೆಂಗಸರನ್ನು ಮನೆಗೆ ಬಿಡುವವು, ಅವುಗಳ ಉಸ್ತುವಾರಿ ಗಂಡನದು, ಎರಡು ವರ್ಷ ಅವು ಬೋಲ್ಟುವಿನ ಗ್ಯಾರೇಜಿಗೇ ಹೋಗುತ್ತಿದ್ದವು, ಒಂದು ದಿನವೂ ಒಂದು ವ್ಯಾನೂ ಕೆಮ್ಮಿದ್ದಿಲ್ಲ, ಆದರೂ ಭಾಮೈದನಿಗೆ ಕೊಟ್ಟಿದ್ದಾನೆ ಎಂದು ಯಾರಾದರೂ ಅಂದಾರು ಎಂದು ಗಂಡ ಮೊದಲಿಂದಲೂ ಬೆಂಕಿಯ ಮೇಲೆ ಕೂತ ಹಾಗೆ. ಆವತ್ತು ನಿನ್ನ ಅಕ್ಕನ ಗಾಡಿ ನಿಂತುಹೋಗಿ ಮಗು ಆರೂವರೆವರೆಗೆ ಸ್ಕೂಲಿನ ಮೆಟ್ಟಿಲ ಮೇಲೆ ಕೂತಿತ್ತು, ಅದೇ ನಮ್ಮ ವ್ಯಾನಾಗಿದ್ದು, ಹದಿನಾಲ್ಕು ಜನ ಹೆಂಗಸ್ರು ಒಳಗಿದ್ದು, ಕತ್ತಲಲ್ಲಿ ದಾರಿ ಮಧ್ಯೆ ನಿಂತಿದ್ರೆ, ನಾನು ಯಾರಿಗೆ ಮುಖ ತೋರಿಸ್ಲಿ ಹೇಳು. ನಿಜ ಭಾವ. ಈ ಸದ್ದು ನಿನ್ನ ಕೆಲಸದಿಂದ ಬಂದಿದ್ದಲ್ಲ ಅಂತ ಇವತ್ತು ತೋರಿಸ್ಕೊಟ್ಟುಬಿಡು, ನಾನು ಹಳೇದೆಲ್ಲ ಮರೆತು ನಿನ್ನ ಹೆಸರೇ ಬರೀತೀನಿ, ಇಲ್ದಿದ್ರೆ ತಪ್ಪು ತಿಳ್ಕೋಬೇಡ. ಇಲ್ಲ ಭಾವ, ತಪ್ಪೇನಿದೆ, ನೀವು ಹೇಳೋದು ನ್ಯಾಯವಾಗೇ ಇದೆ. ನ್ಯಾಯವಾಗೇ ಇದೆ — ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ, ಎಮ್ಮೆ ತಾನಾಗಿ ಬೆನ್ನು ತಿರುಗಿಸಿ ನಿಂತಿದೆ. ವ್ಯಾನು ಹೋದರೆ ಶೆಡ್ಡು ಮುಚ್ಚಿ ಮತ್ತೆ ಇನ್ನೊಬ್ಬರ ಕೈಕೆಳಗೆ ಹೋಗುತ್ತೀನಿ ಎಂದು ಅವನು ಹೇಳಿಲ್ಲ, ಅವನ ಹೆಂಡತಿ ಹೇಳಿದಳು, ಫೋನಿನಲ್ಲಿ, ಬೇರೇನೋ ಮಾತಾಡುತ್ತಾ ಮಧ್ಯದಲ್ಲಿ, ಅತ್ತಿಗೆ ನೀವೊಂದು ಮಾತು ನಿಮ್ಮ ಯಜಮಾನರಿಗೆ ಹೇಳಬಾರದಾ ಎಂದು, ಹೇಳ್ತೀನಮ್ಮ ಎಂದಳು, ಹೇಳಲಿಲ್ಲ, ಯಾವ ಬಾಯಲ್ಲಿ ಹೇಳುವುದು.

ಗಾಡಿ ನಿಂತುಹೋಗಲಿಲ್ಲ. ಆವತ್ತು ಗಾಡಿ ಎಲ್ಲೂ ನಿಂತುಹೋಗಲಿಲ್ಲ, ಗಾಡಿಗೆ ಏನೂ ಆಗಲಿಲ್ಲ, ಅವಳು ನಿದ್ದೆ ಮಾಡಿದ್ದಳು. ಈ ಮಾತನ್ನು ಕತ್ತಲಲ್ಲಿ, ಬಾಯಿಬಿಡದೆ, ತನಗೇ ಹೇಳಿಕೊಂಡರೂ ಕಿವಿ ಬಿಸಿಯಾಗುತ್ತದೆ. ಬೇರೆ ಹೆಂಗಸರು ಕದ್ದು ಹೋದರೆ ಯಾವನನ್ನಾದರೂ ನೋಡಲು ಹೋಗುತ್ತಾರೆ, ಚಿನ್ನದ ಅಂಗಡಿಗೆ ಹೋಗುತ್ತಾರೆ, ಕೊನೆಗೆ ಒಂದು ಸಿನಿಮಾಕ್ಕಾದರೂ ಹೋಗುತ್ತಾರೆ, ಇವಳು ಕದ್ದದ್ದು ನಾಲ್ಕು ಗಂಟೆ ನಿದ್ದೆ, ಹೇಳಿಕೊಂಡರೆ ನಗುತ್ತಾರೆ, ನಕ್ಕಾದರೂ ಬಿಡುತ್ತಿದ್ದರು, ಆವತ್ತೇ ಹೇಳಿದ್ದರೆ. ಬೆಳಗಿನ ನಾಲ್ಕೂವರೆಗೆ ಎದ್ದು, ಅಡಿಗೆ, ಮಗು, ಬಟ್ಟೆ, ಆಮೇಲೆ ಲ್ಯಾಬಿನಲ್ಲಿ ಆರು ಗಂಟೆ ಊರಿನವರ ರಕ್ತದ ಕೊಳವೆಗಳಿಗೆ ಹೆಸರು ಅಂಟಿಸುವುದು, ಒಂದು ಹೆಸರು ಆಚೀಚೆ ಆದರೆ ಯಾರದೋ ರೋಗ ಯಾರಿಗೋ, ಸಂಜೆ ಮನೆಯಲ್ಲಿ ಇನ್ನೊಂದು ಲ್ಯಾಬಿನ ವರದಿಗಳ ಟೈಪಿಂಗು — ಒಂದು ದಿನ ಕೈಯಲ್ಲಿದ್ದ ಕೊಳವೆಯ ಹೆಸರು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ, ಹೆದರಿಕೆಯಾಯಿತು, ಮಗುವಿಗೆ ಜ್ವರ ಎಂದು ಲ್ಯಾಬಿಗೆ ಹೇಳಿ, ಮನೆಗೆ ಏನೂ ಹೇಳದೆ, ಊರ ಹೊರಗೆ ಮುಚ್ಚಿಹೋದ ಇಟ್ಟಿಗೆ ಗೂಡಿನ ಹತ್ತಿರ ಕಾರು ನಿಲ್ಲಿಸಿ, ಫೋನು ಆರಿಸಿ, ಸೀಟು ಹಿಂದಕ್ಕೆ ವಾಲಿಸಿ ಮಲಗಿದಳು, ಎದ್ದಾಗ ಕೆನ್ನೆಯ ಮೇಲೆ ಸೀಟಿನ ಹೊಲಿಗೆಯ ಗೆರೆ, ಬಾಯಿಂದ ಜೊಲ್ಲು, ಮತ್ತು ಮನುಷ್ಯಳಾಗಿದ್ದಳು. ಒಮ್ಮೆ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ, ಏಳು ಸಲ, ತಿಂಗಳಿಗೊಂದರಂತೆ, ಏಳು ಸಲ ಮಗಳಿಗೆ ಇಲ್ಲದ ಜ್ವರ ಬರಿಸಿದಳು. ಏಳನೇ ಸಲ ಎದ್ದಾಗ ಮೂರೂವರೆ ದಾಟಿತ್ತು, ಸ್ಕೂಲು ಬಿಡುವ ಹೊತ್ತು, ಕಾರು ಒಂದು ಕಡೆ ವಾಲಿ ಕೂತಿತ್ತು, ಹಿಂದಿನ ಎಡ ಚಕ್ರದಲ್ಲಿ ಮೊಳೆ. ಹಿಂದಿನ ರಾತ್ರಿ ಮಳೆ ಬಂದು ಗೂಡಿನ ಕೆಂಪು ಮಣ್ಣು ಹಿಟ್ಟು ಕಲಸಿದ ಹಾಗೆ, ಜಾಕ್ ಇಟ್ಟರೆ ಜಾಕ್ ಇಳಿಯುತ್ತದೆ, ಅದರ ಕೆಳಗೆ ಇಟ್ಟಿಗೆ ಇಡಬೇಕು, ಇಟ್ಟಿಗೆ ಒಡೆಯುತ್ತದೆ, ಇನ್ನೊಂದು ಇಡಬೇಕು, ಕೊಕ್ಕೆಯ ಕಂಬಿಯನ್ನು ಜಾಕಿನ ಕಣ್ಣಿಗೆ ಸಿಕ್ಕಿಸಿ ಸುತ್ತಬೇಕು, ಸುತ್ತಬೇಕು, ಸುತ್ತುವುದನ್ನು ಕಲಿಸಿದವನು ತಮ್ಮನೇ, ಕಾರು ಕಲಿತ ದಿನ ಮೂರು ಸಲ ಚಕ್ರ ಬಿಚ್ಚಿಸಿ ಮೂರು ಸಲ ಹಾಕಿಸಿದ್ದ, ನಾಳೆ ನೀನು ಎಲ್ಲೋ ಒಬ್ಬಳೇ ಸಿಕ್ಕಿಹಾಕ್ಕೊಂಡ್ರೆ ಯಾರ ಕಾಲೂ ಹಿಡಿಯೋ ಹಾಗಿರಬಾರ್ದು ಅಕ್ಕ. ಒಬ್ಬಳೇ ಸಿಕ್ಕಿಹಾಕಿಕೊಂಡಳು, ಯಾರ ಕಾಲೂ ಹಿಡಿಯಲಿಲ್ಲ, ಕೊನೇ ನಟ್ಟು ಬಿಗಿಯುವಾಗ ಬೆಳಕು ಇಳಿದಿತ್ತು, ಜಾಕು ಪಾನಾ ಕಂಬಿ ಎಲ್ಲವನ್ನೂ ಮಣ್ಣು ಸಮೇತ ಬಾಚಿ ಡಿಕ್ಕಿಗೆ ತುರುಕಿ ಓಡಿಸಿದಳು. ಸ್ಕೂಲಿನ ಮೆಟ್ಟಿಲ ಮೇಲೆ ಮಗಳು, ಮೈಮೇಲೆ ವಾಚ್‌ಮನ್ನನ ಸ್ವೆಟರು ಪಾದದವರೆಗೆ, ಅಮ್ಮಾ ಬಾತ್‌ರೂಮಿಗೆ ಬೀಗ ಹಾಕ್ಬಿಟ್ರು, ಲಂಗ ಒದ್ದೆ, ಸಾಕ್ಸು ಒದ್ದೆ, ಸ್ವೆಟರಿನ ಅಂಚೂ ಒದ್ದೆ. ಏನಮ್ಮಾ, ಮಗು ಹೆತ್ತಿದ್ದು ಈಗ ಜ್ಞಾಪಕ ಬಂತಾ — ವಾಚ್‌ಮನ್, ಬೈಗುಳವೂ ಅಲ್ಲ, ನಿಜವಾಗಿಯೂ ಕೇಳಿದ ಹಾಗೆ.

ಬೇರೆ ಊರಿಗೆ ವ್ಯಾನಿನ ಜೊತೆ ಹೋಗಿದ್ದ ಗಂಡ ಮನೆಗೆ ಬಂದವನು ಕೂರದೆ ಕೇಳಿದ, ಎಲ್ಲಿದ್ದೆ, ಸ್ಕೂಲಿನವರು ನನಗೆ ಹತ್ತು ಸಲ ಫೋನ್ ಮಾಡಿದಾರೆ, ನಿನ್ನ ಬಟ್ಟೆಯೆಲ್ಲ ಏನಿದು ಮಣ್ಣು. ಒಂದು ಕ್ಷಣ, ಒಂದೇ ಕ್ಷಣ ನಿಜ ಗಂಟಲವರೆಗೆ ಬಂದಿತ್ತು, ಬಂದದ್ದು ಬೇರೆ — ಗಾಡಿ ನಿಂತುಹೋಯ್ತು ದಾರೀಲಿ, ತಳ್ಳಿ ತಳ್ಳಿ ಸಾಕಾಯ್ತು, ಬೋಲ್ಟು ಮೊನ್ನೆ ಡೆಂಟು ತೆಗೆಯೋವಾಗ ಏನು ಮಾಡಿದ್ನೋ ಏನೋ. ಏನು ಮಾಡಿದ್ನೋ ಏನೋ. ಅಷ್ಟೇ. ಹೊಸ್ತಿಲ ಮೇಲಿನ ಕಸವನ್ನು ಪಕ್ಕದವರ ಕಡೆ ಕಾಲಿಂದ ಸರಿಸಿದಷ್ಟು ಸುಲಭ. ಮಾರನೇ ದಿನ, ಅವಳು ಬೆಳಿಗ್ಗೆಯೇ ಹೋಗಿ ಪಂಚರ್ ಹಾಕಿಸಿ ಡಿಕ್ಕಿಯ ಮಣ್ಣು ತೊಳೆಸಿ ತಂದ ಮೇಲೆ, ತಮ್ಮ ಓಡಿ ಬಂದ, ಬ್ಯಾಟರಿ ನೋಡಿದ, ಪಂಪು ನೋಡಿದ, ಎಲ್ಲಾ ಸರಿಯಾಗೇ ಇದೆಯಲ್ಲ ಅಕ್ಕ, ಹ್ಯಾಗೆ ನಿಂತಿತು, ನಿಲ್ಲೋ ಮುಂಚೆ ಎಳೀತಾ, ಕುಲುಕಿತಾ. ನನಗೇನು ಗೊತ್ತೋ, ನಿಂತ್ಕೊಳ್ತು ಅಷ್ಟೆ. ಸರಿಯಾಗಿದ್ದ ಪಂಪನ್ನೇ ಬಿಚ್ಚಿ ಹೊಸದು ಹಾಕಿದ. ಡಿಕ್ಕಿ ನೋಡಿ ಬಂದು ಕೇಳಿದ, ಅಕ್ಕ, ಜಾಕ್ ತಿರುಗಿಸೋ ಕಂಬಿ ಕಾಣ್ತಾ ಇಲ್ವಲ್ಲ. ಕೆಂಪು ಮಣ್ಣಿನಲ್ಲಿ ಚಕ್ರದ ಪಕ್ಕ ಬಿಟ್ಟು ಬಂದಿದ್ದೇನೆ ಎಂದುಕೊಂಡಳು, ಬಾಯಿ ಹೇಳಿತು, ನಿನ್ನ ಗ್ಯಾರೇಜಲ್ಲೇ ಉಳಿದಿರ್ಬೇಕು ನೋಡು. ಇರಬಹುದು ಅಕ್ಕ. ಹುಡುಕಿರಬೇಕು, ಇಡೀ ಶೆಡ್ಡು ಹುಡುಕಿರಬೇಕು, ಮುಂದಿನ ಭಾನುವಾರ ಪೇಪರಿನಲ್ಲಿ ಸುತ್ತಿ ತಂದ, ತಾನೇ ಸಲಾಕಿ ಕಾಯಿಸಿ, ಬಗ್ಗಿಸಿ, ತುದಿಗೆ ಕೊಕ್ಕೆ ಮಾಡಿ, ಅಂಗೈ ಮೇಲೆ ಅಡ್ಡ ಇಟ್ಟುಕೊಂಡು ನೀಡಿದ, ಹಳೇದು ಸಿಗ್ಲಿಲ್ಲ ಅಕ್ಕ, ತಪ್ಪಾಯ್ತು, ಇದು ಅದಕ್ಕಿಂತ ಗಟ್ಟಿ. ಟಕ್ಕಪ್ಪ ಮಾತಾಡಲು ಶುರುಮಾಡಿ ಆಗಲೇ ಐದು ದಿನವಾಗಿತ್ತು. ನೋಡು, ಗಾಡಿ ಇನ್ನೂ ಸರಿಯಾಗಿಲ್ಲ ಎಂದು ಗಂಡ ಅಂದ, ಹೌದು ಎಂದು ಅವಳೂ ಅಂದಳು, ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ಅವಳ ಸುಳ್ಳಿಗೆ ಗಾಡಿಯೇ ಕಾಲು ಕೊಟ್ಟಿತ್ತು, ದಿನಾ ಎಡಕ್ಕೆ ತಿರುಗಿದಾಗಲೆಲ್ಲ ಟಕ್ ಎಂದು ಸಾಕ್ಷಿ ಹೇಳುತ್ತಿತ್ತು.

ಟಕ್. ಈ ಸಲ ಹತ್ತಿರ. ಎಡಗಿವಿಯ ಹತ್ತಿರ. ಇನ್ನೊಂದು ಹಂಪ್ ಬರುತ್ತೆ ಅಕ್ಕ, ತಲೆ ಜೋಪಾನ — ಟಕ್, ಟಕ್ ಟಕ್, ಕಿವಿಯನ್ನು ಎಡಗಡೆಯ ರಟ್ಟಿನ ಗೋಡೆಗೆ ಒತ್ತಿದಳು, ಇದರ ಹಿಂದೆ, ಇದರ ಹಿಂದೆಯೇ, ಇಲ್ಲಿ ಜಾಕ್ ಇಡುವ ಗೂಡು, ಗೂಡಿಗೆ ಮುಚ್ಚಳ, ಇದನ್ನೆಲ್ಲ ಅವನು ಲೈಟು ಹಾಕಿ ನೋಡಿದ್ದಾನಲ್ಲ, ನೋಡಿದ್ದಾನೆ, ಗೂಡಿನ ಒಳಗೆ ನೋಡಿದ್ದಾನೆ. ಮುಚ್ಚಳ ತೆಗೆದು ಕೈ ಇಟ್ಟಳು, ಜಾಕ್ ಬಿಗಿಯಾಗಿದೆ, ಅವನು ಮಾಡಿದ ಕಂಬಿ ಪಟ್ಟಿಯಲ್ಲಿ ಬಿಗಿಯಾಗಿದೆ, ಅವನ ಕೆಲಸ ಎಲ್ಲ ಬಿಗಿ. ಜಾಕಿನ ಹಿಂದೆ ಬೆರಳು ಹೋಯಿತು, ಅಲ್ಲೊಂದು ಸೀಳು, ಅವನ ದಪ್ಪ ಕೈ ಹಿಡಿಸದ ಸೀಳು, ಇವಳ ಕೈ ಮಣಿಕಟ್ಟಿನವರೆಗೆ, ಮೊಣಕೈವರೆಗೆ ಇಳಿಯಿತು, ಒಳತಗಡಿಗೂ ಹೊರತಗಡಿಗೂ ನಡುವಿನ ಪೊಳ್ಳು, ತಣ್ಣಗೆ, ಕೆಳಕ್ಕೆ, ಇನ್ನೂ ಕೆಳಕ್ಕೆ, ತಗಡಿನ ಮಡಿಕೆಯೊಳಗೆ ನಿಂತಿರುವ ಉದ್ದನೆಯದೊಂದು. ಬೆರಳು ತುದಿಯಿಂದ ಸವರಿತು. ಕಂಬಿ. ತುದಿಗೆ ಕೊಕ್ಕೆ. ಕೊಕ್ಕೆಯ ಒಳಬಾಗಿನಲ್ಲಿ ಏನೋ ಗಟ್ಟಿಯಾಗಿ ಒಣಗಿದ್ದು. ಮಣ್ಣಿನಲ್ಲಿ ಬಿಟ್ಟು ಬಂದಿರಲಿಲ್ಲ, ಗಡಿಬಿಡಿಯಲ್ಲಿ ತುರುಕುವಾಗ ಜಾಕಿನ ಹಿಂದಿನ ಸೀಳಿನಲ್ಲಿ ಜಾರಿಹೋಗಿತ್ತು, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಮೂರು ತಿಂಗಳು ಅವನಿಂದ ಹುಡುಕಿಸಿದ್ದು ಇದನ್ನು, ಬದಲಾಯಿಸಿದ ಬುಷ್ಷು ರಬ್ಬರು ಪಂಪು ಎಲ್ಲ ಇದಕ್ಕಾಗಿ. ಎಡಕ್ಕೆ ತಿರುಗಿಸ್ತೀನಿ ಅಕ್ಕ. ಕಂಬಿಯನ್ನು ಮುಷ್ಟಿಯಲ್ಲಿ ಹಿಡಿದಳು. ಕಾರು ತಿರುಗಿತು, ಹಂಪ್ ಏರಿತು, ಇಳಿಯಿತು. ಸದ್ದಿಲ್ಲ. ಅರೆ, ಈ ಸಲ ಬರ್ಲೇ ಇಲ್ಲ ಎಂದ ಗಂಡ. ಬಿಟ್ಟಳು. ಮುಂದಿನ ತಿರುವಿನಲ್ಲಿ ಟಕ್. ಹಿಡಿದಳು. ಇಲ್ಲ. ಇದೇನಪ್ಪಾ ಕಣ್ಣಾಮುಚ್ಚಾಲೆ ಆಡ್ತಾ ಇದೆ, ಹೆದರ್ಕೊಂಡಿದೆ ನಿನ್ನ ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂ‌ಡ ಹಾಗೆ — ಗಂಡನ ನಗು, ಡಿಕ್ಕಿಯೊಳಗೆ ಅವಳ ಕೈ ಮೊಣಕೈವರೆಗೆ ಗೋಡೆಯೊಳಗೆ.

ಹಿಡಿದೇ ಇದ್ದರೆ ಸದ್ದು ಬರುವುದಿಲ್ಲ, ಆದರೆ ಎಷ್ಟು ದಿನ ಡಿಕ್ಕಿಯಲ್ಲಿ ಮಲಗುವುದು. ಮೆಲ್ಲಗೆ ಎಳೆದು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡರೆ, ಮೊಳಕ್ಕಿಂತ ಉದ್ದ, ಕೋಲು ನುಂಗಿದವಳ ಹಾಗೆ ಡಿಕ್ಕಿಯಿಂದ ಇಳಿಯಬೇಕು, ನಗು ಬಂತು, ಈ ಹೊತ್ತಿನಲ್ಲೂ ನಗು ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ಮುಂದೆ ತಮ್ಮನ ದನಿ, ಅಕ್ಕ ನಿದ್ದೆನೇ ಮಾಡಲ್ವಾ ಭಾವ, ಕಣ್ಣಿನ ಕೆಳಗೆ ನೋಡಿ ಹ್ಯಾಗಾಗಿದೆ. ಎಲ್ಲಪ್ಪಾ ಮಾಡ್ತಾಳೆ, ಹೇಳಿದ್ರೆ ಕೇಳಲ್ಲ. ಒಂದಿನ ಮಗೂನ ನಮ್ಮನೇಲಿ ಬಿಟ್ಟು ಮಲಗಿಕೊಳ್ಳೋಕೆ ಹೇಳಿ ಭಾವ, ನನ್ನ ಹೆಂಡ್ತಿ ನೋಡ್ಕೊಳ್ತಾಳೆ, ಇಷ್ಟೇ ಕೆಲಸ. ಇಷ್ಟೇ ಕೆಲಸ. ಕತ್ತಲು ಕಣ್ಣಿಗೆ ಚುಚ್ಚಿತು. ದರ್ಜಿ ಅಪ್ಪನ ಕತ್ತರಿ, ಯಾರದೋ ಮದುವೆಗೆ ಹೊಲಿಯಲು ಕೊಟ್ಟ ನೀಲಿ ಬಟ್ಟೆ, ಅದರ ನಟ್ಟನಡುವೆ ಬೊಂಬೆಯ ಲಂಗಕ್ಕೆಂದು ಅವಳು ಕತ್ತರಿಸಿದ ಒಂದು ಚೌಕ, ಯಾರು ಎಂದು ಅಪ್ಪ ಅಳತೆಪಟ್ಟಿ ಎತ್ತಿಕೊಂಡಾಗ ಅವಳು ಗೋಡೆ ನೋಡುತ್ತಿದ್ದಳು, ತಮ್ಮ ಮುಂದೆ ಬಂದು ಅಂಗೈ ಚಾಚಿದ, ಕೇಳುವ ಮೊದಲೇ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಅಂಗೈ ಮಧ್ಯದಲ್ಲಿ ಬೋಲ್ಟಿನ ತುಕ್ಕು. ನಾಲ್ಕು ಏಟು. ಯಾಕೋ ಹಾಗ್ಮಾಡ್ದೆ. ನನ್ನ ಕೈ ದಪ್ಪ, ನೋಯಲ್ಲ. ಅವಳು ಆಣೆ ಇಟ್ಟಳು, ಇನ್ನು ಮೇಲೆ ನನ್ನ ತಪ್ಪಿಗೆ ನಿನ್ನ ಕೈ ಮುಂದೆ ಬರೋಕೆ ಬಿಡಲ್ಲ, ನಿನ್ನ ಮೇಲಾಣೆ, ಅವನು ಮೂಗು ಒರೆಸಿಕೊಂಡು ಯೋಚಿಸಿ ಅಂದ, ನನ್ನ ಮೇಲೆ ಬೇಡಕ್ಕ, ನೀನು ಮರ್ತುಬಿಡ್ತೀಯ. ಮರೆತಿಲ್ಲ, ಹೇಳುತ್ತೇನೆ, ಈಗ ಹೇಳುತ್ತೇನೆ, ವಾಕ್ಯ ಕೂಡ ಸಿದ್ಧವಾಗಿದೆ — ಆವತ್ತು ಗಾಡಿ ನಿಂತಿರ್ಲಿಲ್ಲ, ಪಂಚರ್ ಆಗಿತ್ತು, ನಾನು ನಿದ್ದೆ ಮಾಡ್ತಿದ್ದೆ, ಇದನ್ನ ಬೀಳಿಸಿದ್ದು ನಾನು. ನಾಲ್ಕು ತುಂಡು, ಮಗುವಿಗೂ ಬಾಯಿಪಾಠ ಬರುವಷ್ಟು. ಏನಾಗುತ್ತದೆ, ಗಂಡ ಎರಡು ದಿನ ಮಾತು ಬಿಡುತ್ತಾನೆ, ಏಳು ಸಲದ ಲೆಕ್ಕ ಕೇಳುತ್ತಾನೆ, ನಿದ್ದೆಯೇ ಎಂದು ನಂಬದೆ ಇನ್ನೇನೋ ಇರಬೇಕು ಎಂದುಕೊಳ್ಳುತ್ತಾನೆ, ಒದ್ದೆ ಸಾಕ್ಸನ್ನು ನೆನೆಸಿಕೊಳ್ಳುತ್ತಾನೆ, ನೆನೆಸಿಕೊಂಡು ಅವಳನ್ನು ನೋಡುತ್ತಾನೆ, ಆ ನೋಟ — ಆಗಲಿ, ಆರು ವ್ಯಾನು ಉಳಿಯುತ್ತವೆ, ಶೆಡ್ಡು ಉಳಿಯುತ್ತದೆ, ಹೇಳುತ್ತೇನೆ. ಮೇಲಿನ ತಗಡನ್ನು ಎರಡು ಸಲ ತಟ್ಟಿದಳು, ಬೇಗ, ಮನಸ್ಸು ಬದಲಾಗುವ ಮೊದಲು.

ಕಾರು ನಿಂತಿತು, ಬಾಗಿಲು ಎರಡೂ ಬಡಿದುಕೊಂಡವು, ಹೆಜ್ಜೆಗಳು, ಬಿಳೀ ದಾರ, ಬೆರಳು, ಅಂಗೈ, ಆಕಾಶ, ಕಣ್ಣು ಬಿಡಲಾಗದಷ್ಟು ಆಕಾಶ. ಸಿಕ್ತಾ ಅಕ್ಕ. ಕಂಬಿಯನ್ನು ಸೀಳಿನಿಂದ ಎಳೆದಳು, ತಗಡಿಗೆ ಉಜ್ಜಿಕೊಂಡು ಬಂತು, ಎತ್ತಿ ಹಿಡಿದಳು. ಹಳೇ ಕಂಬಿ ಅಲ್ವೇನಯ್ಯ ಇದು, ಕಳೆದುಹೋಗಿತ್ತು ಅಂದ್ಯಲ್ಲ — ಗಂಡ ಸೊಂಟ ಹಿಡಿದುಕೊಂಡು ಬಗ್ಗಿ ನೋಡುತ್ತಿದ್ದಾನೆ. ತಮ್ಮ ಕೈ ಚಾಚಿದ, ಕಂಬಿಗೆ, ಅವಳು ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ, ಕೊಕ್ಕೆಯ ಹತ್ತಿರ ಬಂದಾಗ ಅವನ ಕಣ್ಣು ನಿಂತಿತು. ಕೊಕ್ಕೆಯ ಬಾಗಿನಲ್ಲಿ ಕೆಂಪು ಮಣ್ಣು, ಒಣಗಿ ಬಿರಿದದ್ದು. ಅವನ ಶೆಡ್ಡಿನ ನೆಲ ಸಿಮೆಂಟು, ಅಲ್ಲಿ ಬಿದ್ದದ್ದಕ್ಕೆ ಎಣ್ಣೆ ಅಂಟುತ್ತದೆ, ಮಣ್ಣಲ್ಲ, ಡೆಂಟು ತೆಗೆಯಲು ಯಾರೂ ಜಾಕನ್ನು ಕೆಸರಿನಲ್ಲಿ ಇಡುವುದಿಲ್ಲ, ಇದು ಅವನಿಗೆ ಅವಳಿಗಿಂತ ಮೊದಲು ಗೊತ್ತಾಗುವ ವಿಷಯ, ಗೊತ್ತಾಯಿತು, ಗೊತ್ತಾದದ್ದು ಅವನ ಕತ್ತಿನಲ್ಲಿ ಕಾಣಿಸಿತು. ಅವಳ ಕಡೆ ನೋಡಲಿಲ್ಲ. ಹೆಬ್ಬೆರಳಿನಿಂದ ಆ ಮಣ್ಣನ್ನು ಕೆರೆದ, ಪುಡಿ ಮಾಡಿದ, ಅಂಗೈಯಲ್ಲಿ ಮುಚ್ಚಿಕೊಂಡ, ಗಂಡ ನೋಡುವ ಮೊದಲು. ನಾನೇ ಭಾವ, ಎಂದ. ಡೆಂಟು ತೆಗೆಯೋವಾಗ ರಟ್ಟು ಬಿಚ್ಚಿದ್ದೆ, ಆಗ ಬೀಳಿಸಿದ್ದೀನಿ, ನೋಡ್ಕೊಂಡಿಲ್ಲ, ನನ್ನದೇ ತಪ್ಪು. ಹೇಳು, ಈಗ, ನಾಲ್ಕೇ ತುಂಡು, ಆವತ್ತು ಗಾಡಿ — ಗಂಡ ಉಸ್ಸೆಂದ, ಬೇಜಾರಿನ ಉಸಿರು, ಸಿಟ್ಟಿನದಲ್ಲ. ಒಂದು ಕಂಬಿ ಬಿದ್ದಿದ್ದು ಮೂರು ತಿಂಗಳು ಗೊತ್ತಾಗದೋನಿಗೆ ಆರು ವ್ಯಾನು ಹ್ಯಾಗಪ್ಪಾ ಕೊಡ್ಲಿ, ನೀನೇ ಹೇಳು. ಹೌದು ಭಾವ. ಗಂಡ ಅವಳ ಕಡೆ ತಿರುಗಿದ, ಇಳಿಯಲು ಕೈ ಕೊಡುತ್ತಾ, ನ್ಯಾಯವಂತ, ಒಂದು ಸಂದೇಹವನ್ನೂ ಬಿಡದವನು, ಅಲ್ಲಾ, ಮಧ್ಯದಲ್ಲಿ ನೀನೇನಾದ್ರೂ ಯಾವತ್ತಾದ್ರೂ ಜಾಕ್ ತೆಗೆದಿದ್ಯಾ, ನೆನಪು ಮಾಡ್ಕೊಂಡು ಹೇಳು. ಬೀದಿ ಖಾಲಿ, ಶಟರ್‌ಗಳು, ಬೆಳಕು, ಅವಳ ಕೆನ್ನೆಯ ಮೇಲೆ ತಮ್ಮನ ಅಂಗಿಯ ಗುಂಡಿಯ ಗುರುತು. ಇಲ್ಲ, ಎಂದಳು, ನಾನ್ಯಾಕೆ ತೆಗೀಲಿ. ತಮ್ಮ ಕಾರಿನ ಬದಿಗೆ ಹೋಗಿ ಕೈ ಬಿಚ್ಚಿ ಪುಡಿಯನ್ನು ರಸ್ತೆಗೆ ಉದುರಿಸಿದ, ಉದುರಿದ ಮೇಲೂ ಕೈ ಹಾಗೇ ಚಾಚಿತ್ತು, ಬೆರಳು ಹಿಂದಕ್ಕೆ ಬಾಗಿ, ಅಂಗೈ ಮೇಲೆ ಕೆಂಪು ಗೆರೆ ಒಂದು, ಗ್ರೀಸಿನ ಕಪ್ಪಿನ ಮಧ್ಯೆ, ಅಂಗೈ, ಅಂಗೈ ಮೇಲೆ ಕೆಂಪು, ಅಂಗೈ —

ಅವಳು ಕೊಟ್ಟ ಮಾತು ಮುರಿದಳು.